ನೋರ್ಡ್ಲಿಂಗೆನ್: ಕ್ಷುದ್ರಗ್ರಹ ತೋಡಿದ ತಗ್ಗಿನಲ್ಲೊಂದು ಕೋಟೆಯೂರು

ಜರ್ಮನಿಯ ನೋರ್ಡ್ಲಿಂಗೆನ್ ಬಗ್ಗೆ ಹುಡುಕಿದರೆ ಎರಡು ಮಾತು ಮೊದಲು ಕಣ್ಣಿಗೆ ಬೀಳುತ್ತವೆ. ಊರು ದುಂಡಗಿರುವುದು ಅದು ಬಾಹ್ಯಾಕಾಶದಿಂದ ಬಿದ್ದ ಬಂಡೆಯ ಕುಳಿಯಲ್ಲಿರುವುದರಿಂದ ಅನ್ನುವುದು ಒಂದು. ಊರಿನ ಗೋಡೆಗಳಲ್ಲೆಲ್ಲ ವಜ್ರ ಇದೆ ಅನ್ನುವುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ನಿಜ. ಊರು ಕುಳಿಯೊಳಗೆ ಇರುವುದೇನೋ ಹೌದು. ಆದರೆ ಕುಳಿಯ ಅಡ್ಡಳತೆ ಸುಮಾರು 25 ಕಿಲೋಮೀಟರ್, ಕೋಟೆಗೋಡೆಯೊಳಗಿನ ಊರಿನದು ಸುಮಾರು ಒಂದು ಕಿಲೋಮೀಟರ್. ಊರು ಕುಳಿಯ ನಟ್ಟನಡುವೆಯೂ ಇಲ್ಲ, ನೈಋತ್ಯಕ್ಕೆ ಸುಮಾರು ಆರು ಕಿಲೋಮೀಟರ್ ಸರಿದು ನಿಂತಿದೆ. ಊರಿನ ದುಂಡು ಆಕಾರ 14ನೇ ಶತಮಾನದ ಕೋಟೆ ಕೆಲಸದವರದು. ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಸಂಬಂಧ ಇರುವುದು ಬೇರೆ ಕಡೆ: ಊರಿಗೆ ಸಿಕ್ಕ ಮಣ್ಣಿನಲ್ಲಿ, ಕಲ್ಲಿನಲ್ಲಿ, ದಾರಿಗಳಲ್ಲಿ.

ಎಲ್ಲಿದೆ, ಹೇಗಿದೆ

ನೋರ್ಡ್ಲಿಂಗೆನ್ ಬವೇರಿಯಾ ರಾಜ್ಯದ ಪಶ್ಚಿಮ ಅಂಚಿನಲ್ಲಿದೆ. ಅಲ್ಲಿಂದ ಪಕ್ಕದ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದ ಗಡಿ ಕೆಲವೇ ಕಿಲೋಮೀಟರ್. ಆಡಳಿತ ಬವೇರಿಯಾದ್ದಾದರೂ ಜನರ ಮಾತು, ಅಡುಗೆ ಎಲ್ಲ ನೈಋತ್ಯ ಜರ್ಮನಿಯ ಸ್ವಾಬಿಯಾ ಕಡೆಯದು. ಜಿಲ್ಲೆಯ ಹೆಸರು ದೊನೌ-ರೀಸ್, ಜಿಲ್ಲಾ ಕೇಂದ್ರ ದಕ್ಷಿಣದ ದೊನೌವ್ಯೋರ್ತ್. ಜನಸಂಖ್ಯೆ 20,000ಕ್ಕಿಂತ ಸ್ವಲ್ಪ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 430 ಮೀಟರ್ ಎತ್ತರ.

ದಕ್ಷಿಣ ಜರ್ಮನಿಯ ಭೂಪಟದಲ್ಲಿ ನೈಋತ್ಯದಿಂದ ಈಶಾನ್ಯಕ್ಕೆ ಸುಣ್ಣಕಲ್ಲಿನ ಉದ್ದನೆಯ ಪ್ರಸ್ಥಭೂಮಿಯೊಂದು ಕಾಣುತ್ತದೆ. ಅದರ ಪಶ್ಚಿಮದ ಭಾಗ ಸ್ವಾಬಿಯನ್ ಆಲ್ಬ್, ಪೂರ್ವದ ಭಾಗ ಫ್ರಾಂಕೋನಿಯನ್ ಆಲ್ಬ್. ಎರಡೂ ಮೂಲತಃ ಒಂದೇ ಬೆಟ್ಟಸಾಲು. ಅದನ್ನು ನಡುವೆ ಕತ್ತರಿಸಿರುವುದೇ ರೀಸ್ ಎಂಬ ಈ ದುಂಡನೆಯ ತಗ್ಗು. ಒಳಗೆ ಸಪಾಟು ಹೊಲಗಳು, ಸುತ್ತ 100ರಿಂದ 150 ಮೀಟರ್ ಎತ್ತರದ ಕಾಡು ತುಂಬಿದ ಏರಿ. ಎಗರ್ ಹೊಳೆ ಊರಿನ ಮೂಲಕ ಹರಿದು ವ್ಯೋರ್ನಿಟ್ಸ್ ನದಿಗೆ ಸೇರುತ್ತದೆ. ವ್ಯೋರ್ನಿಟ್ಸ್ ಹಾರ್‌ಬುರ್ಗ್ ಕೋಟೆಯ ಕೆಳಗಿನ ಇಕ್ಕಟ್ಟಿನಲ್ಲಿ ಏರಿಯನ್ನು ಸೀಳಿಕೊಂಡು ಹೋಗಿ ದೊನೌವ್ಯೋರ್ತ್‌ನಲ್ಲಿ ಡ್ಯಾನ್ಯೂಬ್ ಸೇರುತ್ತದೆ.

ಸರಕಿನ ಗಾಡಿಗಳ ಕಾಲದಲ್ಲಿ ಈ ಭೂರಚನೆ ದೊಡ್ಡ ಅನುಕೂಲವಾಗಿತ್ತು. ಆಲ್ಬ್ ಬೆಟ್ಟಗಳನ್ನು ಹತ್ತಿ ಇಳಿಯುವ ಕಷ್ಟವಿಲ್ಲದೆ ಉತ್ತರದಿಂದ ದಕ್ಷಿಣಕ್ಕೆ ದಾಟಲು ಇದ್ದ ಸಲೀಸು ಜಾಗಗಳಲ್ಲಿ ರೀಸ್ ಒಂದು. ಫ್ರಾಂಕ್‌ಫರ್ಟ್, ವ್ಯೂರ್ಟ್ಸ್‌ಬುರ್ಗ್ ಕಡೆಯಿಂದ ಆಗ್ಸ್‌ಬುರ್ಗ್‌ಗೆ ಹೋಗುವ ದಾರಿ, ನ್ಯೂರೆಂಬೆರ್ಗ್‌ನಿಂದ ಉಲ್ಮ್‌ಗೆ ಹೋಗುವ ದಾರಿ ಎರಡೂ ಇಲ್ಲಿ ಕೂಡುತ್ತಿದ್ದವು. ಊರು ಪೇಟೆಯಾಗಿ ಬೆಳೆದದ್ದಕ್ಕೆ ಇದೇ ಮೊದಲ ಕಾರಣ.

ಕೆಲವೇ ನಿಮಿಷಗಳಲ್ಲಿ ಆದ ತಗ್ಗು

ಸುಮಾರು 1.48 ಕೋಟಿ ವರ್ಷಗಳ ಹಿಂದೆ, ಒಂದರಿಂದ ಒಂದೂವರೆ ಕಿಲೋಮೀಟರ್ ಅಡ್ಡಳತೆಯ ಕ್ಷುದ್ರಗ್ರಹವೊಂದು ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಇಲ್ಲಿ ಬಿತ್ತು. ಆಗ ಇಲ್ಲಿನ ನೆಲದಲ್ಲಿ ಎರಡು ಅಂತಸ್ತು. ಮೇಲೆ 600-700 ಮೀಟರ್ ದಪ್ಪದ ಪದರಶಿಲೆಗಳು, ಅಂದರೆ ಸುಣ್ಣಕಲ್ಲು, ಜೇಡಿಗಲ್ಲು, ಮರಳುಗಲ್ಲು. ಅದರ ಕೆಳಗೆ ಗ್ರಾನೈಟ್ ಮತ್ತು ನೈಸ್‌ನ (ಒತ್ತಡದಲ್ಲಿ ಪಟ್ಟೆಗಟ್ಟಿದ ಕಲ್ಲು) ಹಳೆಯ ತಳಗಲ್ಲು. ಈ ಎರಡು ಅಂತಸ್ತಿನ ಲೆಕ್ಕ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಂಡೆ ನೆಲಕ್ಕೆ ತಾಗಿದ ಕ್ಷಣದಲ್ಲಿ ಒತ್ತಡ ವಾತಾವರಣದ ಒತ್ತಡದ ಹತ್ತಾರು ಲಕ್ಷ ಪಟ್ಟು ಏರಿತು. ಬಂಡೆಯೂ ಅದರ ಕೆಳಗಿನ ಕಲ್ಲೂ ಆವಿಯಾದವು. ಹಾಗಾಗಿಯೇ ರೀಸ್‌ನಲ್ಲಿ ಎಷ್ಟು ಹುಡುಕಿದರೂ ಕ್ಷುದ್ರಗ್ರಹದ ತುಂಡು ಸಿಗುವುದಿಲ್ಲ. ಮೊದಲ ಕೆಲವು ಸೆಕೆಂಡುಗಳಲ್ಲಿ ನಾಲ್ಕು ಕಿಲೋಮೀಟರಿಗೂ ಆಳವಾದ, ಕಡಿದಾದ ಗುಂಡಿ ತೆರೆದುಕೊಂಡಿತು. ಅಷ್ಟು ಆಳದ ಗುಂಡಿ ನಿಲ್ಲಲಾರದು. ತಳ ಮೇಲಕ್ಕೆ ಉಬ್ಬಿತು, ಪಕ್ಕದ ಗೋಡೆಗಳು ದೊಡ್ಡ ದೊಡ್ಡ ತುಂಡುಗಳಾಗಿ ಒಳಕ್ಕೆ ಜಾರಿದವು, ಗುಂಡಿ ಅಗಲವಾಗುತ್ತಾ ಆಳ ಕಳೆದುಕೊಂಡಿತು. ಕೆಲವು ನಿಮಿಷಗಳಲ್ಲಿ ಇಂದಿನ 25 ಕಿಲೋಮೀಟರಿನ ಬೋಗುಣಿ ಸಿದ್ಧವಾಗಿತ್ತು. ತಳಗಲ್ಲು ಉಬ್ಬಿ ಬಂದು ನಿಂತದ್ದರ ಗುರುತು ಒಳಗಿನ ಚಿಕ್ಕ ವರ್ತುಲ. ಊರಿನ ಪಕ್ಕದ ಮರಿಯೆನ್‌ಹ್ಯೋಹೆ ಗುಡ್ಡ ಮತ್ತು ಹತ್ತಿರದ ವಾಲರ್‌ಸ್ಟೈನ್ ಬಂಡೆ ಅದರ ಭಾಗಗಳು.

ಚಿಮ್ಮಿದ ಕಲ್ಲು ಎರಡು ಬಗೆಯಾಗಿ ಕೆಳಗೆ ಬಿತ್ತು. ಮೊದಲು ಬಿದ್ದದ್ದು ಮೇಲಂತಸ್ತಿನ ಪದರಶಿಲೆಗಳ ಕಲಸುಮೇಲೋಗರ: ಕೆಂಪು, ಬೂದು, ಹಳದಿ, ಕಪ್ಪು ಜೇಡಿ ಮತ್ತು ಕಲ್ಲುಗಳು ಬಣ್ಣಬಣ್ಣವಾಗಿ ಬೆರೆತದ್ದು. ಅದು ತಣ್ಣಗಿತ್ತು, ನೆಲ ಕೆರೆಯುತ್ತಾ ಹರಡಿತು. ಅದಕ್ಕೆ ಬಣ್ಣದ ಬ್ರೆಕ್ಷಿಯಾ ಅನ್ನುತ್ತಾರೆ. ಬ್ರೆಕ್ಷಿಯಾ ಅಂದರೆ ಚೂಪು ಅಂಚಿನ ಚೂರುಗಳು ಸೇರಿ ಗಟ್ಟಿಯಾದ ಕಲ್ಲು. ಎರಡನೆಯದು ಕೆಳ ಅಂತಸ್ತಿನ ತಳಗಲ್ಲು ಕರಗಿ, ಪುಡಿಯಾಗಿ, ಬಿಸಿ ಮೋಡವಾಗಿ ಮೇಲೆದ್ದು ಆಮೇಲೆ ಕೆಳಗೆ ಕುಸಿದದ್ದು. ಬೂದು ಬಣ್ಣ, ಅದರೊಳಗೆ ಕಪ್ಪು ಗಾಜಿನ ಎಳೆಗಳು. ಇದು ಸ್ವೇವೈಟ್. ಸುಣ್ಣಕಲ್ಲಿನ ಕೆಲವು ಬಂಡೆಗಳು ಸುಮಾರು 70 ಕಿಲೋಮೀಟರ್ ದೂರಕ್ಕೆ ಹಾರಿದವು. ತೀರ ಮೇಲ್ಮೈಯ ಮರಳು ಕರಗಿ ಗಾಜಿನ ಹನಿಗಳಾಗಿ ಪೂರ್ವಕ್ಕೆ ಹಾರಿ ಇಂದಿನ ಚೆಕ್ ದೇಶದ ಬೊಹೀಮಿಯಾ, ಮೊರಾವಿಯಾಗಳಲ್ಲಿ ಬಿದ್ದಿತು. ಆಭರಣದ ಅಂಗಡಿಗಳಲ್ಲಿ ಮೋಲ್ಡವೈಟ್ ಎಂದು ಮಾರುವ ಹಸಿರು ಗಾಜು ಅದೇ. ಅದರ ಹೆಸರಿನಲ್ಲಿ ನಕಲಿ ಬಾಟಲಿ ಗಾಜೂ ಬೇಕಾದಷ್ಟು ಮಾರಾಟವಾಗುತ್ತದೆ, ಅದು ಬೇರೆ ಮಾತು.

ಜ್ವಾಲಾಮುಖಿ ಅಂದುಕೊಂಡದ್ದೇಕೆ

19ನೇ ಶತಮಾನದ ಆರಂಭದಿಂದ 1960ರವರೆಗೆ ಹೆಚ್ಚಿನ ಭೂವಿಜ್ಞಾನಿಗಳು ರೀಸ್ ಅನ್ನು ಜ್ವಾಲಾಮುಖಿಯ ಕೆಲಸ ಎಂದೇ ನಂಬಿದ್ದರು. ಅವರನ್ನು ನೋಡಿ ನಗುವಂತಿಲ್ಲ, ಅವರಿಗೂ ಕಾರಣಗಳಿದ್ದವು. ಸ್ವೇವೈಟ್ ನೋಡಲು ಜ್ವಾಲಾಮುಖಿಯ ಬೂದಿಗಲ್ಲಿನಂತೆಯೇ ಇದೆ. ಪಶ್ಚಿಮಕ್ಕೆ ಸ್ವಾಬಿಯನ್ ಆಲ್ಬ್‌ನ ಉರಾಖ್ ಸುತ್ತಮುತ್ತ ನಿಜವಾದ ಹಳೆಯ ಜ್ವಾಲಾಮುಖಿ ಕೊಳವೆಗಳು ನೂರಾರಿವೆ, ಅವುಗಳ ವಯಸ್ಸೂ ಹೆಚ್ಚುಕಡಿಮೆ ಇದೇ ಕಾಲದ್ದು. ಇನ್ನು ಕೆಲವರು ಹಿಮನದಿ ಕಲ್ಲುಗಳನ್ನು ತಳ್ಳಿ ತಂದಿತು ಅಂದರು. ಬಾಹ್ಯಾಕಾಶದ ಬಂಡೆಯ ಸೂಚನೆ 1904ರಲ್ಲೇ ಬಂದಿತ್ತು. 1936ರಲ್ಲಿ ಓಟೋ ಷ್ಟುಟ್ಸರ್ ಅಮೆರಿಕದ ಅರಿಜೋನಾದ ಉಲ್ಕಾಕುಳಿಯೊಂದಿಗೆ ಹೋಲಿಸಿ ಮತ್ತೆ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜ್ವಾಲಾಮುಖಿ ವಾದದಲ್ಲಿ ಹೊಂದದ ಸಂಗತಿಗಳು ಮೊದಲಿನಿಂದಲೂ ಇದ್ದವು. ಇಷ್ಟು ದೊಡ್ಡ ಸ್ಫೋಟಕ್ಕೆ ತಕ್ಕ ಲಾವಾ ಎಲ್ಲೂ ಇಲ್ಲ. ಸ್ವೇವೈಟ್‌ನೊಳಗಿನ ಗಾಜಿನ ರಾಸಾಯನಿಕ ರಚನೆ ಆಳದ ಶಿಲಾರಸದ್ದಲ್ಲ, ಇಲ್ಲಿನದೇ ತಳಗಲ್ಲು ಕರಗಿದರೆ ಆಗುವಂಥದ್ದು. ಕೊನೆಗೆ ಪ್ರಶ್ನೆ ಬಗೆಹರಿದದ್ದು ಒಂದು ಖನಿಜದಿಂದ. 1960ರಲ್ಲಿ ಅಮೆರಿಕದ ಭೂವಿಜ್ಞಾನಿ ಯೂಜೀನ್ ಶೂಮೇಕರ್ ರೀಸ್‌ನ ಪೂರ್ವ ಅಂಚಿನ ಓಟಿಂಗ್ ಕಲ್ಲುಗಣಿಯಿಂದ ಸ್ವೇವೈಟ್ ಮಾದರಿ ಸಂಗ್ರಹಿಸಿದರು. ಎಡ್ವರ್ಡ್ ಚಾವ್ ಪ್ರಯೋಗಾಲಯದಲ್ಲಿ ಅದರೊಳಗೆ ಕೋಸೈಟ್ ಗುರುತಿಸಿದರು. ಕೋಸೈಟ್ ಅಂದರೆ ಸಾಮಾನ್ಯ ಸ್ಫಟಿಕಶಿಲೆಯ ವಸ್ತುವೇ. ಆದರೆ ವಾತಾವರಣದ ಇಪ್ಪತ್ತು ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಅಣುಗಳು ಒತ್ತೊತ್ತಾಗಿ ಕೂತದ್ದು. ಭೂಮಿಯ ಮೇಲ್ಪದರದಲ್ಲಿ ಜ್ವಾಲಾಮುಖಿ ಎಷ್ಟೇ ಸಿಡಿದರೂ ಅಂಥ ಒತ್ತಡ ಹುಟ್ಟುವುದಿಲ್ಲ. 1961ರಲ್ಲಿ ಇಬ್ಬರೂ ಪ್ರಕಟಿಸಿದ ಲೇಖನದ ನಂತರ ವಾದ ಹೆಚ್ಚು ಕಾಲ ಉಳಿಯಲಿಲ್ಲ. ಶೂಮೇಕರ್ ಸ್ವೇವೈಟ್‌ನಿಂದ ಕಟ್ಟಿದ ಊರಿನ ಚರ್ಚಿನ ಗೋಡೆ ನೋಡಿಯೇ ಎಲ್ಲವನ್ನೂ ಕಂಡುಹಿಡಿದರು ಎಂಬ ಕಥೆ ಚೆನ್ನಾಗಿದೆ. ತೀರ್ಪು ಕೊಟ್ಟದ್ದು ಮಾತ್ರ ಗಣಿಯ ಕಲ್ಲು ಮತ್ತು ಪ್ರಯೋಗಾಲಯ. ನಮ್ಮ ಕಡೆ ಮಹಾರಾಷ್ಟ್ರದ ಲೋಣಾರ್ ಸರೋವರವೂ ಹೀಗೇ ಬಹುಕಾಲ ಜ್ವಾಲಾಮುಖಿ ಅನ್ನಿಸಿಕೊಂಡಿತ್ತು. ಅದು ಎರಡು ಕಿಲೋಮೀಟರಿಗೂ ಕಡಿಮೆ ಅಗಲದ್ದು ಮತ್ತು ಪೂರ್ತಿ ಬಸಾಲ್ಟ್‌ನಲ್ಲಿ ಆದದ್ದು ಅನ್ನುವುದು ವ್ಯತ್ಯಾಸ.

1973ರಲ್ಲಿ ಕುಳಿಯೊಳಗೆ 1,206 ಮೀಟರ್ ಆಳದ ಸಂಶೋಧನಾ ಕೊಳವೆ ಕೊರೆದರು. ಮೇಲೆ ಮುನ್ನೂರಕ್ಕೂ ಹೆಚ್ಚು ಮೀಟರ್ ಕೆರೆಯ ಹೂಳು, ಅದರ ಕೆಳಗೆ ದಪ್ಪನೆಯ ಸ್ವೇವೈಟ್, ಅದರ ಕೆಳಗೆ ಬಿರುಕುಬಿಟ್ಟ ತಳಗಲ್ಲು ಸಿಕ್ಕಿತು. ಇವತ್ತು ಊರು ನಿಂತಿರುವ ನೆಲ ಕುಳಿಯ ನಿಜವಾದ ತಳವಲ್ಲ. ತುಂಬಿಕೊಂಡ ಕೆರೆಯ ಮೇಲ್ಮೈ ಅದು.

ಅದಕ್ಕೂ ಮೊದಲು, 1970ರ ಆಗಸ್ಟ್‌ನಲ್ಲಿ, ಅಮೆರಿಕದ ಚಂದ್ರಯಾನ ಅಪೊಲೊ 14ರ ಗಗನಯಾತ್ರಿಗಳಾದ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್, ಅವರ ಜೊತೆ ಬದಲಿ ತಂಡದ ಯೂಜೀನ್ ಸರ್ನನ್ ಮತ್ತು ಜೋ ಎಂಗಲ್ ಇಲ್ಲಿಗೆ ಬಂದರು. ಅಪೊಲೊ 14 ಇಳಿಯಬೇಕಾಗಿದ್ದ ಫ್ರಾ ಮೌರೊ ಪ್ರದೇಶ ಚಂದ್ರನ ದೊಡ್ಡ ಕುಳಿಯೊಂದರಿಂದ ಚಿಮ್ಮಿದ ಕಲ್ಲಿನಿಂದ ಮುಚ್ಚಿದೆ, ಅಂದರೆ ಅಲ್ಲಿಯೂ ಬ್ರೆಕ್ಷಿಯಾವೇ. ಇವರು ವಿಮಾನ ಹಾರಿಸುವವರು, ಕಲ್ಲು ಓದುವವರಲ್ಲ. ರಾಶಿಯಲ್ಲಿ ಯಾವ ಕಲ್ಲು ಎತ್ತಬೇಕು, ಅದನ್ನು ರೇಡಿಯೋದಲ್ಲಿ ಹೇಗೆ ವರ್ಣಿಸಬೇಕು ಎಂಬುದನ್ನು ಓಟಿಂಗ್‌ನಂಥ ಗಣಿಗಳಲ್ಲಿ ಕಲಿತರು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಈಗಲೂ ತನ್ನ ಗಗನಯಾತ್ರಿಗಳನ್ನು ರೀಸ್‌ಗೆ ಕಳಿಸುತ್ತದೆ. ಊರಿನ ರೀಸ್ ಕುಳಿ ಮ್ಯೂಸಿಯಂ ಶುರುವಾದದ್ದು 1990ರಲ್ಲಿ. ಅಪೊಲೊ 16 ತಂದ ಚಂದ್ರನ ಕಲ್ಲಿನ ತುಂಡು ಅಲ್ಲಿದೆ.

ಕಲ್ಲು, ವಜ್ರ, ಮತ್ತು ಕಲ್ಲಿನ ಕಾಯಿಲೆ

ವಜ್ರದ ವಿಷಯ. ತಳಗಲ್ಲಿನ ನೈಸ್‌ನಲ್ಲಿ ಅಲ್ಲಲ್ಲಿ ಗ್ರಾಫೈಟ್ ಇತ್ತು. ಆಘಾತದ ಒತ್ತಡದಲ್ಲಿ ಅದು ಕ್ಷಣಮಾತ್ರದಲ್ಲಿ ವಜ್ರವಾಯಿತು. ವಜ್ರ ದೊಡ್ಡದಾಗಿ ಬೆಳೆಯಲು ಸಮಯ ಬೇಕು, ಇಲ್ಲಿ ಸಮಯವೇ ಇರಲಿಲ್ಲ. ಹಾಗಾಗಿ ಕಣಗಳು ಹೆಚ್ಚಾಗಿ ಮಿಲಿಮೀಟರಿನ ಹತ್ತರಲ್ಲಿ ಎರಡು-ಮೂರು ಭಾಗಕ್ಕಿಂತ ಚಿಕ್ಕವು. ಬರಿಗಣ್ಣಿಗೆ ಕಾಣುವುದಿಲ್ಲ, ಗೋಡೆ ಬಿಸಿಲಿಗೆ ಹೊಳೆಯುವುದೂ ಇಲ್ಲ. ಇಡೀ ಪ್ರದೇಶದಲ್ಲಿ 72,000 ಟನ್ ವಜ್ರ ಇದೆಯೆಂಬ ಅಂದಾಜು ಎಲ್ಲ ಕಡೆ ಓಡಾಡುತ್ತದೆ. ಅಂದಾಜು ಏನೇ ಇರಲಿ, ಅದು ಬೆಟ್ಟಗಟ್ಟಲೆ ಕಲ್ಲಿನಲ್ಲಿ ಚದುರಿದೆ. ಒಂದು ಉಂಗುರಕ್ಕೆ ಸಾಲುವ ಹರಳೂ ಅಲ್ಲಿಂದ ಹುಟ್ಟುವುದಿಲ್ಲ.

ಊರಿನವರಿಗೆ ಬೇಕಾಗಿದ್ದದ್ದು ಕಟ್ಟುವ ಕಲ್ಲು. ಸ್ವೇವೈಟ್ ಹಗುರ, ರಂಧ್ರಗಳಿರುವಂಥದ್ದು, ಉಳಿಗೆ ಸಲೀಸಾಗಿ ಬಗ್ಗುತ್ತದೆ. ಅದಕ್ಕೇ 1427ರಿಂದ 1505ರವರೆಗೆ ಕಟ್ಟಿದ ಸಂತ ಜಾರ್ಜ್ ಚರ್ಚಿಗೂ ಅದರ ಗೋಪುರಕ್ಕೂ ಈ ಕಲ್ಲನ್ನೇ ಬಳಸಿದರು. ನೈಋತ್ಯಕ್ಕೆ ಇರುವ ಆಲ್ಟೆಬ್ಯುರ್ಗ್ ಗಣಿ ಆ ಕಲ್ಲಿನ ಮೂಲ. ಸುಮಾರು 90 ಮೀಟರ್ ಎತ್ತರದ ಗೋಪುರಕ್ಕೆ ಊರಿನವರು ಡೇನಿಯಲ್ ಎಂದು ಹೆಸರಿಟ್ಟಿದ್ದಾರೆ.

ಕೆತ್ತಲು ಸುಲಭವಾದ ಕಲ್ಲು ಮಳೆಗೂ ಸುಲಭದ ತುತ್ತು. ಸ್ವೇವೈಟ್‌ನ ಗಾಜು ಮತ್ತು ನುಣ್ಣನೆಯ ಪುಡಿ ಕಾಲಾಂತರದಲ್ಲಿ ಜೇಡಿಯಾಗುತ್ತದೆ. ಆ ಜೇಡಿ ನೀರು ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ರಂಧ್ರಗಳಲ್ಲಿ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಳಗಿಂದ ತಳ್ಳುತ್ತದೆ. ವರ್ಷ ವರ್ಷ ಹೀಗಾದಾಗ ಕಲ್ಲಿನ ಮುಖ ಸಿಪ್ಪೆಯಂತೆ ಏಳುತ್ತದೆ, ಗಾಜಿನ ಎಳೆಗಳಿದ್ದ ಕಡೆ ಗುಳಿ ಬೀಳುತ್ತದೆ. ಮಳೆಗಾಳಿ ಹೊಡೆಯುವ ಕಡೆ ಇದು ಬೇಗ, ಮರೆಯಲ್ಲಿ ನಿಧಾನ. ಗೋಪುರಕ್ಕೆ ಆಗಾಗ ಅಟ್ಟಣೆ ಕಟ್ಟಿ ಕಲ್ಲು ಬದಲಿಸುತ್ತಲೇ ಇರಬೇಕಾದದ್ದು ಇದರಿಂದಲೇ. ಇದೇ ಸ್ವೇವೈಟನ್ನು ಪುಡಿಮಾಡಿ ಸುಣ್ಣದೊಂದಿಗೆ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ ಸಿಗುತ್ತದೆ. ಸಿಮೆಂಟಿಗೆ ಬೆರಕೆಯಾಗಿ ಈ ಪುಡಿಯನ್ನು ಇಲ್ಲಿಂದ ತೆಗೆಯುತ್ತಾರೆ. ಗಾಜಿನಂಥ ಸಿಲಿಕಾ ಸುಣ್ಣದೊಂದಿಗೆ ಬೇಗ ಕೂಡಿಕೊಳ್ಳುವುದೇ ಅದಕ್ಕೆ ಕಾರಣ.

ಕೆರೆಯಿಂದ ಹೊಲಕ್ಕೆ

ಹೊಸ ಬೋಗುಣಿಯಲ್ಲಿ ನೀರು ನಿಂತಿತು. ಹೊರಹೋಗುವ ದಾರಿ ಇಲ್ಲದ ಕಾರಣ ಕೆರೆ ಉಪ್ಪುಪ್ಪಾಗಿ, ಕ್ಷಾರವಾಗಿ ಸುಮಾರು 20 ಲಕ್ಷ ವರ್ಷ ಉಳಿಯಿತು. ಅಂಚಿನ ಆಳವಿಲ್ಲದ ನೀರಿನಲ್ಲಿ ಪಾಚಿಗಳು ಸುಣ್ಣ ಕಟ್ಟಿಕೊಂಡು ದಿಬ್ಬಗಳಾದವು. ಹೈನ್ಸ್‌ಫಾರ್ತ್ ಹತ್ತಿರದ ಬ್ಯೂಷೆಲ್‌ಬೆರ್ಗ್‌ನಲ್ಲಿ ಈ ಪಾಚಿಸುಣ್ಣದ ಕಲ್ಲನ್ನು ಇವತ್ತಿಗೂ ಮುಟ್ಟಿ ನೋಡಬಹುದು. ಕೆರೆ ಹೂಳು ತುಂಬಿ ಮುಗಿಯಿತು. ಬಹಳ ಆಮೇಲೆ ಹೊಳೆಗಳು ಮೆತ್ತನೆಯ ಹೂಳನ್ನು ಕೊರೆದು ತೆಗೆದು ಬೋಗುಣಿಯನ್ನು ಮತ್ತೆ ಬಿಡಿಸಿಟ್ಟವು. ಹಿಮಯುಗದ ಗಾಳಿ ತಂದು ಸುರಿದ ಲೋಯೆಸ್ ಎಂಬ ನುಣ್ಣನೆಯ ಮಣ್ಣು ಅದರ ಮೇಲೆ ಹಾಸಿಕೊಂಡಿತು. ಸುತ್ತಲಿನ ಆಲ್ಬ್‌ನಲ್ಲಿ ಕಲ್ಲು, ತೆಳು ಮಣ್ಣು, ಇಂಗಿಹೋಗುವ ನೀರು; ರೀಸ್‌ನಲ್ಲಿ ಗೋಧಿ ಬೆಳೆಯುವ ಆಳದ ಮಣ್ಣು. ಕಾಡು ಏರಿಯ ಮೇಲೆ, ಹೊಲ ಒಳಗೆ ಎಂಬ ಗೆರೆ ಇಷ್ಟು ಸ್ಪಷ್ಟವಾಗಿರುವುದು ಅದರಿಂದ.

ಜನವಸತಿಯೂ ಹಳೆಯದೇ. ಹೋಲ್‌ಹೈಮ್ ಹತ್ತಿರದ ಓಫ್ನೆಟ್ ಗುಹೆಯಲ್ಲಿ 1908ರಲ್ಲಿ ಮೂವತ್ತಕ್ಕೂ ಹೆಚ್ಚು ತಲೆಬುರುಡೆಗಳು ಎರಡು ಗುಂಡಿಗಳಲ್ಲಿ ಒತ್ತಾಗಿ ಜೋಡಿಸಿಟ್ಟಂತೆ ಸಿಕ್ಕವು. ಅವು ಕೃಷಿ ಬರುವುದಕ್ಕೂ ಮೊದಲಿನ ಬೇಟೆಗಾರರ ಕಾಲದವು; ಕೆಲವು ಬುರುಡೆಗಳ ಮೇಲೆ ಹೊಡೆತದ ಗುರುತುಗಳಿವೆ. ಆ ಕೆರೆಯ ಕಾಲದ ಸುಣ್ಣಕಲ್ಲಿನ ಗೋಲ್ಡ್‌ಬೆರ್ಗ್ ಗುಡ್ಡದ ಮೇಲೆ ನವಶಿಲಾಯುಗದ ಊರಿನ ಅವಶೇಷ ಅಗೆದು ತೆಗೆದಿದ್ದಾರೆ. ಓಫ್ನೆಟ್ ಗುಹೆಯ ಕೆಳಗೇ ರೋಮನ್ನರ ಕಾಲದ ತೋಟದಮನೆಯೊಂದರ ಅಡಿಪಾಯ ಇದೆ. ಒಂದೇ ಇಳಿಜಾರಿನಲ್ಲಿ ಇಷ್ಟೆಲ್ಲ ಇರುವ ಜಾಗ ಅಪರೂಪ.

ಪೇಟೆ, ಪರಿಷತ್ತು, ಕೋಟೆ

ಊರಿನ ಹೆಸರು ದಾಖಲೆಯಲ್ಲಿ ಮೊದಲು ಬರುವುದು 898ರಲ್ಲಿ. ಆಗ ಅದು ರಾಜನ ಜಹಗೀರು. ವಿನ್‌ಪುರ್ಗ್ ಎಂಬ ಶ್ರೀಮಂತ ಮಹಿಳೆಯ ಮೂಲಕ ರೇಗೆನ್ಸ್‌ಬುರ್ಗ್ ಬಿಷಪ್ ಕೈಗೆ ಹೋಯಿತು. 1215ರಲ್ಲಿ ರಾಜ ಎರಡನೇ ಫ್ರೆಡ್ರಿಕ್ ಬದಲಿ ಆಸ್ತಿ ಕೊಟ್ಟು ಅದನ್ನು ಮರಳಿ ಪಡೆದ. ಅಲ್ಲಿಂದ ನೋರ್ಡ್ಲಿಂಗೆನ್ ಪವಿತ್ರ ರೋಮನ್ ಸಾಮ್ರಾಜ್ಯದ ಸ್ವತಂತ್ರ ನಗರವಾಗಿ ಬೆಳೆಯಿತು. ಸ್ವತಂತ್ರ ನಗರ ಅಂದರೆ ಇಷ್ಟು: ನಡುವೆ ಯಾವ ಪಾಳೆಯಗಾರನೂ ಇಲ್ಲ, ಸೀದಾ ಚಕ್ರವರ್ತಿಗೆ ಮಾತ್ರ ಅಧೀನ. ತೆರಿಗೆ, ನ್ಯಾಯ, ಕಾವಲು ಎಲ್ಲ ಊರಿನ ಪರಿಷತ್ತಿನದು. ಆದರೆ ಗೋಡೆಯಾಚೆಗೆ ಎತ್ತ ನೋಡಿದರೂ ಓಟಿಂಗೆನ್ ಕೌಂಟ್‌ಗಳ, ಅಂದರೆ ಆ ಪಾಳೆಯಗಾರ ಮನೆತನದವರ ನೆಲ. ಊರಿನ ರಾಜಕೀಯದ ಅರ್ಧ ಭಾಗ ಈ ನೆರೆಹೊರೆಯ ಜಗಳವೇ.

1219ರ ಹೊತ್ತಿಗೆ ಕ್ರೈಸ್ತರ ಪೆಂಟಕೋಸ್ಟ್ ಹಬ್ಬದ ಜಾತ್ರೆಯ ಉಲ್ಲೇಖ ಸಿಗುತ್ತದೆ. ಮುಂದೆ ಅದು ದಕ್ಷಿಣ ಜರ್ಮನಿಯ ದೊಡ್ಡ ವ್ಯಾಪಾರ ಸಂತೆಗಳಲ್ಲಿ ಒಂದಾಯಿತು. ಊರಿನ ಸ್ವಂತ ಸರಕು ಲೋಡೆನ್ ಎಂಬ ದಪ್ಪ ಉಣ್ಣೆಬಟ್ಟೆ, ನಾರುಬಟ್ಟೆ, ಹದ ಮಾಡಿದ ಚರ್ಮ. ಚರ್ಮದ ಕೆಲಸಕ್ಕೆ ಹರಿಯುವ ನೀರು ಬೇಕು, ವಾಸನೆಯೂ ಹೆಚ್ಚು. ಆ ಕೆಲಸದವರು ಎಗರ್ ದಂಡೆಗೆ ನೆಲೆಸಿದರು. ಒದ್ದೆ ಚರ್ಮ ಒಣಗಿಸಲೆಂದು ತೆರೆದ ಅಟ್ಟಗಳಿರುವ ಅವರ ಮನೆಗಳು ಇನ್ನೂ ಅಲ್ಲಿವೆ. ಇದೇ ಸಮೃದ್ಧ ಊರು 1384ರಲ್ಲಿ ತನ್ನ ಯಹೂದಿ ಸಮುದಾಯವನ್ನು ಕೊಂದುಹಾಕಿತು ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

ಈಗ ದುಂಡು ಆಕಾರಕ್ಕೆ ಬರೋಣ. ಮೊದಲ ಕೋಟೆ 13ನೇ ಶತಮಾನದ್ದು, ಚಿಕ್ಕದು. ಗೋಡೆ ಹೋದರೂ ಅದರ ಜಾಡು ಉಳಿದಿದೆ: ಊರಿನ ನಕ್ಷೆಯಲ್ಲಿ ಚರ್ಚಿನ ಸುತ್ತ ಬಾಗಿ ಬರುವ ಬೀದಿಗಳ ವರ್ತುಲವೊಂದಿದೆ. ಊರು ಬೆಳೆದಂತೆ ಹೆಬ್ಬಾಗಿಲುಗಳಾಚೆ ದಾರಿಗಳ ಇಕ್ಕೆಲಗಳಲ್ಲಿ ಮನೆಗಳಾದವು. 1327ರಲ್ಲಿ ಚಕ್ರವರ್ತಿ ಬವೇರಿಯಾದ ಲುಡ್ವಿಗ್ ಈ ಹೊರಕೇರಿಗಳನ್ನೂ ಒಳಗೊಳ್ಳುವ ಹೊಸ ಗೋಡೆಗೆ ಅಪ್ಪಣೆ ಕೊಟ್ಟ. ಒಳಗಿನ ಜಾಗ ಸುಮಾರು ನಾಲ್ಕು ಪಟ್ಟಾಯಿತು. ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಬೆಳೆದ ಊರನ್ನು ಸಪಾಟು ನೆಲದಲ್ಲಿ ಕಡಿಮೆ ಗೋಡೆಯಿಂದ ಸುತ್ತುವರಿಯಬೇಕಾದರೆ ವೃತ್ತಕ್ಕಿಂತ ಅಗ್ಗದ ಆಕಾರ ಇಲ್ಲ. ಅಡ್ಡಿಯಾಗಲು ಬಂಡೆಯೂ ಇಲ್ಲ, ದೊಡ್ಡ ನದಿಯೂ ಇಲ್ಲ.

ಗೋಡೆಯ ಉದ್ದ ಸುಮಾರು 2.7 ಕಿಲೋಮೀಟರ್. ಐದು ಹೆಬ್ಬಾಗಿಲುಗಳು: ಬಾಲ್ಡಿಂಗರ್, ಲ್ಯೋಪ್ಸಿಂಗರ್, ಡೈನಿಂಗರ್, ರೈಮ್ಲಿಂಗರ್, ಬೆರ್ಗರ್. ಒಂದನ್ನು ಬಿಟ್ಟರೆ ಉಳಿದವಕ್ಕೆಲ್ಲ ಆ ದಿಕ್ಕಿನ ಹಳ್ಳಿಯ ಹೆಸರು. ಬೆರ್ಗರ್ ಮಾತ್ರ ಗುಡ್ಡದ ಕಡೆಯ ಬಾಗಿಲು. ಒಳಮೈಗೆ ಹೆಂಚಿನ ಮಾಡಿನ ಕಾವಲುದಾರಿ ಇದೆ. ಜರ್ಮನಿಯಲ್ಲಿ ಪೂರ್ತಿ ಒಂದು ಸುತ್ತು ಹೀಗೆ ಮಾಡಿನಡಿಯಲ್ಲೇ ನಡೆದು ಬರಬಹುದಾದ ನಗರಕೋಟೆ ಇದೊಂದೇ ಎಂಬ ಹೆಗ್ಗಳಿಕೆ ಊರಿಗಿದೆ. ಫಿರಂಗಿಗಳ ಕಾಲ ಬಂದಾಗ ಎತ್ತರದ ತೆಳು ಗೋಡೆ ಸಾಲದಾಯಿತು, ದಪ್ಪನೆಯ ಬುರುಜುಗಳನ್ನು ಸೇರಿಸಿದರು. ಬೆರ್ಗರ್ ಬಾಗಿಲ ಕಡೆಯ ಹಳೆಯ ಬುರುಜು ಅಂಥದ್ದು.

ಕೋಟೆ ಎಷ್ಟೇ ಗಟ್ಟಿಯಿದ್ದರೂ ಬಾಗಿಲು ಮನುಷ್ಯರ ಕೈಯಲ್ಲಿರುತ್ತದೆ. 1440ರಲ್ಲಿ ಓಟಿಂಗೆನ್ ಕೌಂಟ್ ಹಾನ್ಸ್ ಲಂಚ ಕೊಟ್ಟು ಲ್ಯೋಪ್ಸಿಂಗರ್ ಬಾಗಿಲಿನ ಅಗುಳಿ ಹಾಕದೆ ಬಿಡಿಸಿದ ಅನ್ನುತ್ತಾರೆ. ಜನ ಹೇಳುವ ಪ್ರಕಾರ, ತಪ್ಪಿಸಿಕೊಂಡ ಹಂದಿಯೊಂದು ಬಾಗಿಲಿಗೆ ಮೈ ಉಜ್ಜಿದಾಗ ಅದು ಅಲುಗಾಡಿತು, ದಾರಿಯಲ್ಲಿದ್ದ ಹೆಂಗಸೊಬ್ಬಳು ನೋಡಿ ಕೂಗಿದಳು, ಊರು ಉಳಿಯಿತು, ದ್ರೋಹ ಬಗೆದ ಕಾವಲುಗಾರರ ತಲೆ ಹೋಯಿತು. ಹಂದಿಯ ಭಾಗ ದಂತಕಥೆ. ಗೋಪುರದ ಕಾವಲುಗಾರ ಇಂದಿಗೂ ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ "ಸೊ ಗ್‌ಸೆಲ್ ಸೊ" (ಹೀಗೋ ಗೆಳೆಯ, ಹೀಗೋ) ಎಂದು ಕೂಗುವುದನ್ನು ಇದಕ್ಕೇ ಜೋಡಿಸಿ ಹೇಳುತ್ತಾರೆ.

1529ರಲ್ಲಿ ಸಾಮ್ರಾಜ್ಯದ ಶ್ಪೈಯರ್ ಸಭೆಯಲ್ಲಿ ಲೂಥರ್‌ನ ಚರ್ಚ್ ಸುಧಾರಣೆಯ ಪರವಾಗಿ ಪ್ರತಿಭಟಿಸಿದ 14 ಸ್ವತಂತ್ರ ನಗರಗಳಲ್ಲಿ ನೋರ್ಡ್ಲಿಂಗೆನ್ ಒಂದು. ಆ ಶತಮಾನದ ಕೊನೆಯದು ಮಾತ್ರ ಕರಾಳ ಅಧ್ಯಾಯ. 1589ರಿಂದ 1598ರ ನಡುವೆ ಮಾಟಗಾತಿಯರೆಂದು 34 ಹೆಂಗಸರನ್ನು, ಒಬ್ಬ ಗಂಡಸನ್ನು ಕೊಂದರು. ಹಿಂಸೆಯಿಂದ ಒಬ್ಬಳ ಬಾಯಿ ಬಿಡಿಸುವುದು, ಅವಳು ಹೇಳಿದ ಹೆಸರುಗಳನ್ನು ಹಿಡಿದು ತರುವುದು, ಹೀಗೆ ಸರಪಳಿ ಬೆಳೆಯಿತು. ಕೈಗೆ ಸಿಕ್ಕವರಲ್ಲಿ ಪರಿಷತ್ತಿನವರ ಮನೆಯ ಹೆಂಗಸರೂ ಇದ್ದರು. ಸರಪಳಿ ಕಡಿದವಳು ಮರಿಯಾ ಹೋಲ್ ಎಂಬ ಹೋಟೆಲಿನ ಒಡತಿ. 62 ಸಲ ಹಿಂಸಿಸಿದರೂ ಅವಳು ಒಪ್ಪಿಕೊಳ್ಳಲಿಲ್ಲ. ಉಲ್ಮ್‌ನವರೂ ಅವಳ ಪರ ನಿಂತರು. 1594ರಲ್ಲಿ ಬಿಡಲೇಬೇಕಾಯಿತು. ತಪ್ಪೊಪ್ಪಿಗೆ ಇಲ್ಲದೆ ಶಿಕ್ಷೆಯಿಲ್ಲ ಎಂಬ ಅಂದಿನ ಕಾನೂನು ಪರಿಷತ್ತಿಗೇ ತಿರುಗಿ ಬಿದ್ದಿತ್ತು.

1634: ಏರಿಯ ಮೇಲಿನ ಯುದ್ಧ

ಯುರೋಪಿನ ಮೂವತ್ತು ವರ್ಷಗಳ ಯುದ್ಧದಲ್ಲಿ (1618-1648) ಊರಿನೊಳಗೆ ಸ್ವೀಡನ್ ಪರವಾದ ಚಿಕ್ಕ ಪಡೆ ಇತ್ತು. 1634ರ ಆಗಸ್ಟ್‌ನಲ್ಲಿ ಚಕ್ರವರ್ತಿಯ ಸೇನೆ ಮುತ್ತಿಗೆ ಹಾಕಿತು, ಸೆಪ್ಟೆಂಬರ್ ಆರಂಭದಲ್ಲಿ ಸ್ಪೇನಿನ ಸೇನೆಯೂ ಬಂದು ಕೂಡಿಕೊಂಡಿತು. ಬಿಡಿಸಲು ಬಂದವರು ಸ್ವೀಡನ್ನಿನ ಗುಸ್ತಾವ್ ಹೋರ್ನ್ ಮತ್ತು ಸ್ಯಾಕ್ಸ್-ವೈಮಾರ್‌ನ ಬೆರ್ನ್‌ಹಾರ್ಡ್. ಸುಮಾರು 25,000 ಜನ ಇವರ ಕಡೆ, 30,000ಕ್ಕೂ ಹೆಚ್ಚು ಎದುರು ಕಡೆ.

ಗೆಲ್ಲಬೇಕಾದರೆ ಊರಿನ ದಕ್ಷಿಣಕ್ಕೆ ಏರಿಯ ಅಂಚಿನಲ್ಲಿರುವ ಆಲ್ಬುಖ್ ಗುಡ್ಡ ಕೈಗೆ ಬರಬೇಕಿತ್ತು. ಸೆಪ್ಟೆಂಬರ್ 5ರ ಸಂಜೆ ಕಾಡಿನ ಇಕ್ಕಟ್ಟಾದ ದಾರಿಯಲ್ಲಿ ಫಿರಂಗಿ, ಗಾಡಿಗಳು ಸಿಕ್ಕಿಕೊಂಡು ತಡವಾಯಿತು. ಆ ರಾತ್ರಿ ಸ್ಪೇನಿನವರಿಗೆ ಗುಡ್ಡದ ಮೇಲೆ ಮಣ್ಣಿನ ಮೋರ್ಚೆ ಕಟ್ಟಿಕೊಳ್ಳಲು ಸಮಯ ಸಿಕ್ಕಿತು. ಮರುದಿನ ಹೋರ್ನ್‌ನ ಜನ ಒಂದು ಮೋರ್ಚೆ ಹಿಡಿದರಾದರೂ ಅಲ್ಲಿನ ಮದ್ದಿಗೆ ಬೆಂಕಿ ಬಿದ್ದು ಗೊಂದಲದಲ್ಲಿ ಹಿಂದೆ ಸರಿದರು. ಮತ್ತೆ ಮತ್ತೆ, ಹದಿನೈದು ಸಲ ಏರಿ ಹೋದರೂ ಗುಡ್ಡ ದಕ್ಕಲಿಲ್ಲ. ಕೊನೆಗೆ ಹೋರ್ನ್ ಬೆರ್ನ್‌ಹಾರ್ಡ್‌ನ ಸಾಲಿನ ಹಿಂದಿನಿಂದ ಹಿಮ್ಮೆಟ್ಟಲು ಹೊರಟ. ಅದೇ ಹೊತ್ತಿಗೆ ಬೆರ್ನ್‌ಹಾರ್ಡ್‌ನ ಸಾಲು ಮುರಿದು ಓಡಿಬಂದ ಜನ ಹೋರ್ನ್‌ನ ಪಡೆಯ ಮೇಲೇ ಬಿದ್ದರು. ಹೋರ್ನ್ ಸೆರೆಯಾದ, ಬೆರ್ನ್‌ಹಾರ್ಡ್ ತಪ್ಪಿಸಿಕೊಂಡ. ದಕ್ಷಿಣ ಜರ್ಮನಿಯಲ್ಲಿ ಸ್ವೀಡನ್ನಿನ ಹಿಡಿತ ಅಲ್ಲಿಗೆ ಹೋಯಿತು, 1635ರಲ್ಲಿ ಫ್ರಾನ್ಸ್ ನೇರವಾಗಿ ಯುದ್ಧಕ್ಕಿಳಿಯಿತು.

ಊರು ಶರಣಾಯಿತು, ದಂಡ ತೆತ್ತಿತು. ಅದಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಪ್ಲೇಗ್ ಮತ್ತು ಹಸಿವು. ಸುಮಾರು ಅರ್ಧ ಊರೇ ಖಾಲಿಯಾಯಿತು. 1645ರಲ್ಲಿ ಇದೇ ರೀಸ್‌ನ ಆಲರ್‌ಹೈಮ್‌ನಲ್ಲಿ ಫ್ರೆಂಚರಿಗೂ ಬವೇರಿಯಾದವರಿಗೂ ಇನ್ನೊಂದು ದೊಡ್ಡ ಕಾಳಗವಾಯಿತು.

ಕೋಟೆ ಉಳಿದದ್ದು ಬಡತನದಿಂದ

19ನೇ ಶತಮಾನದಲ್ಲಿ ಬೆಳೆಯುತ್ತಿದ್ದ ನಗರಗಳು ಕೋಟೆ ಕೆಡವಿ ಆ ಜಾಗದಲ್ಲಿ ಅಗಲ ರಸ್ತೆ, ಉದ್ಯಾನ ಮಾಡಿದವು. ನೋರ್ಡ್ಲಿಂಗೆನ್‌ಗೆ ಆ ಒತ್ತಡವೇ ಬರಲಿಲ್ಲ. ಯುದ್ಧದ ನಂತರ ವ್ಯಾಪಾರ ಬೇರೆ ಊರುಗಳಿಗೆ ಸರಿದಿತ್ತು, ಜಾತ್ರೆ ಸ್ಥಳೀಯ ಸಂತೆಯ ಮಟ್ಟಕ್ಕೆ ಇಳಿದಿತ್ತು. 1803ರ ಹೊತ್ತಿಗೆ ಸ್ವಾತಂತ್ರ್ಯ ಹೋಗಿ ಊರು ಬವೇರಿಯಾಕ್ಕೆ ಸೇರಿತು. 1810ರಲ್ಲಿ ಹೊಸ ಗಡಿ ಬಿದ್ದು ಪಕ್ಕದ ಬೋಪ್‌ಫಿಂಗೆನ್ ವ್ಯೂರ್ಟೆಂಬೆರ್ಗ್ ಪಾಲಾಯಿತು. ಪೇಟೆಗೆ ಸರಕು ತರುತ್ತಿದ್ದ ಹಳ್ಳಿಗಳಲ್ಲಿ ಒಂದಷ್ಟು ರಾತ್ರೋರಾತ್ರಿ ಪರರಾಜ್ಯವಾದವು. ಗೋಡೆಯೊಳಗೇ ಖಾಲಿ ಜಾಗ ಇದ್ದಾಗ ಗೋಡೆ ಕೆಡವುವ ಖರ್ಚು ಯಾರಿಗೆ ಬೇಕು? 1849ರಲ್ಲಿ ಬಂದ ರೈಲುಹಳಿ ಪೂರ್ವಕ್ಕೆ, ಕೋಟೆಯ ಹೊರಗೇ ಹಾದುಹೋಯಿತು. ಎರಡನೇ ಮಹಾಯುದ್ಧದಲ್ಲಿ ನಿಲ್ದಾಣದ ಕಡೆ ಬಾಂಬುಗಳು ಬಿದ್ದರೂ ಹಳೆಯ ಊರು ಬಹುಪಾಲು ಉಳಿಯಿತು. ಜರ್ಮನಿಯ ಫುಟ್‌ಬಾಲ್ ಆಟಗಾರ ಗೆರ್ಡ್ ಮ್ಯುಲರ್ 1945ರಲ್ಲಿ ಹುಟ್ಟಿದ್ದು ಇಲ್ಲಿಯೇ. ಊರಿನ ಕ್ರೀಡಾಂಗಣಕ್ಕೆ ಅವರ ಹೆಸರಿದೆ.

ನೋಡುವುದಾದರೆ

ದೊನೌವ್ಯೋರ್ತ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಆಲೆನ್ ಕಡೆಯಿಂದಲೂ ಇದೇ ಹಳಿ ಬರುತ್ತದೆ. ಬಹಳಷ್ಟು ಜನ ಸೀದಾ ಡೇನಿಯಲ್ ಗೋಪುರದ 350 ಮೆಟ್ಟಿಲು ಹತ್ತಿ, ಕುಳಿ ಎಲ್ಲಿ ಎಂದು ಹುಡುಕಿ ನಿರಾಶರಾಗುತ್ತಾರೆ. ಕೆಳಗೆ ನೋಡಿದರೆ ಕಾಣುವುದು ಊರಿನ ಕೆಂಪು ಹೆಂಚುಗಳ ವೃತ್ತ ಅಷ್ಟೇ. ಕುಳಿ ಕಾಣಬೇಕಾದರೆ ದಿಗಂತ ನೋಡಬೇಕು. ಸುತ್ತ ಕಪ್ಪು ಕಾಡಿನ ಗೆರೆ ಒಂದೇ ಎತ್ತರದಲ್ಲಿ ತಿರುಗಿ ಬರುತ್ತದೆ, ಅದೇ ಏರಿ. ದಕ್ಷಿಣ ಮತ್ತು ಪಶ್ಚಿಮದ ಅಂಚು ಹತ್ತಿರ, ಸ್ಪಷ್ಟ. ಈಶಾನ್ಯದ್ದು ದೂರ, ಮಸುಕು. ತಗ್ಗಿನಲ್ಲಿ ತಣ್ಣನೆಯ ಗಾಳಿ ಕೂರುವುದರಿಂದ ಶರತ್ಕಾಲದ ಬೆಳಗಿನಲ್ಲಿ ಮಂಜು ಕವಿದಿರುತ್ತದೆ. ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಹತ್ತುವುದು ಲೇಸು.

ಸ್ವೇವೈಟ್ ನೋಡಲು ಗೋಪುರದ ಬುಡವೇ ಸಾಕು. ನುಣುಪಾದ, ಒಂದೇ ಬಣ್ಣದ ಕಲ್ಲುಗಳನ್ನು ಬಿಡಿ. ಬೂದು-ಹಸಿರು ಹಿನ್ನೆಲೆಯಲ್ಲಿ ಕಪ್ಪು ಗಾಜಿನ ಚಪ್ಪಟೆ ಎಳೆ, ಬಿಳಿ ಅಥವಾ ಗುಲಾಬಿ ಛಾಯೆಯ ತಳಗಲ್ಲಿನ ಚೂರು, ಗಾಜು ಉದುರಿದ ಗುಳಿ, ಈ ಮೂರೂ ಒಂದೇ ಕಲ್ಲಿನಲ್ಲಿ ಕಂಡರೆ ಅದು ಸ್ವೇವೈಟ್. ಎರಡು ಬಗೆಯ ಕಲ್ಲು ಒಂದರ ಮೇಲೊಂದು ಕೂತದ್ದನ್ನು ನೋಡಲು ಓಟಿಂಗೆನ್ ಹತ್ತಿರದ ಔಮ್ಯೂಲೆ ಗಣಿಗೆ ಹೋಗಬೇಕು: ಕೆಳಗೆ ಕೆಂಪು ಛಾಯೆಯ ಬಣ್ಣದ ಬ್ರೆಕ್ಷಿಯಾ, ಮೇಲೆ ಬೂದು ಸ್ವೇವೈಟ್, ನಡುವೆ ಕತ್ತರಿಸಿದಂಥ ಗೆರೆ. ಮೊದಲು ತಣ್ಣನೆಯದು ಬಿತ್ತು, ಆಮೇಲೆ ಬಿಸಿಯದು ಎಂಬುದಕ್ಕೆ ಆ ಗೆರೆಯೇ ಸಾಕ್ಷಿ. ಒಂದೇ ದಿನ ಇದ್ದರೆ ಹೋಲ್‌ಹೈಮ್ ಕಡೆ ಹೋಗುವುದು ಮೇಲು. ಓಫ್ನೆಟ್ ಗುಹೆ, ರೋಮನ್ ಅಡಿಪಾಯ, ಲಿಂಡ್ಲೆಯ ಸುಣ್ಣಕಲ್ಲಿನ ಗಣಿ ಮೂರೂ ಒಂದೇ ನಡಿಗೆಯಲ್ಲಿ ಮುಗಿಯುತ್ತವೆ.

ರೀಸ್ 2022ರಿಂದ ಯುನೆಸ್ಕೊ ಜಾಗತಿಕ ಜಿಯೋಪಾರ್ಕ್. ಫಲಕ ಹಾಕಿ ಕಾಯ್ದ ಈ ಜಾಗಗಳಲ್ಲಿ ಗೋಡೆಗೆ ಸುತ್ತಿಗೆ ಹಾಕಬಾರದು. ಮಳೆ ಬಂದ ಮರುದಿನವೇ ಹೋಗದಿರುವುದೂ ಒಳ್ಳೆಯದು: ಬಣ್ಣದ ಬ್ರೆಕ್ಷಿಯಾದ ಜೇಡಿ ನೆನೆದರೆ ಜಾರುತ್ತದೆ, ಸಡಿಲವಾದ ಸ್ವೇವೈಟ್ ಮೇಲಿಂದ ಉದುರುತ್ತದೆ.